ಉಳಿದವನು

“ಗುರುಗಳೇ, ದೇವದೂತನು ಒಬ್ಬ ತಂದೆಯ ಕನಸಿಗೆ ಮಾತ್ರ ಬಂದದ್ದು ಏಕೆ?”

ಕೇಳಿದವನು ಚೌರಪ್ಪ. ಚರ್ಚಿನಲ್ಲಿ ಉಪದೇಶಿಯ ಕೆಲಸ ಕಲಿಯಲು ಇನ್ನಾಸಪ್ಪ ಗುರುಗಳ ಬಳಿಗೆ ಬಂದಿದ್ದ ಯುವಕ. ಗುರುಗಳು ಕೂರಲು ಹೇಳಿದರೂ ಅವನು ಕೂರಲಿಲ್ಲ.

ಕ್ರಿಸ್‌ಮಸ್ಸಿನ ಮರುದಿನ ಊರಿನ ಲೂರ್ದಮ್ಮನ ಮಗು ಜ್ವರದಿಂದ ತೀರಿಕೊಂಡಿತ್ತು. ಹಬ್ಬದ ದಿನ ಆ ಮಗು ಹೊಸ ಅಂಗಿ ತೊಟ್ಟು ಬಾಲಯೇಸುವನ್ನು ಮಲಗಿಸಿದ್ದ ಗೋದಲಿಯ ಮುಂದೆ ಕೈಮುಗಿದು ನಿಂತದ್ದನ್ನು ಊರೆಲ್ಲ ನೋಡಿತ್ತು. ಆ ಮನೆಗೆ ಹೋಗಿ ಬಾ ಎಂದು ಗುರುಗಳು ಚೌರಪ್ಪನನ್ನು ಕಳುಹಿಸಿದ್ದರು. ಅವನು ಹೋದ ದಿನವೇ, ಬಾಲಯೇಸುವನ್ನು ಮುಗಿಸಲೆಂದು ಹೆರೋದ ಅರಸನು ಕೊಲ್ಲಿಸಿದ ಬೆತ್ಲೆಹೇಮಿನ ಹಸುಳೆಗಳನ್ನು ಸ್ಮರಿಸುವ ದಿನ. ಚೌರಪ್ಪ ಬೈಬಲಿನಿಂದ ಅಂದಿನ ವಾಚನವನ್ನು ಓದಿದ. ದೂತನು ಯೇಸುವಿನ ತಂದೆ ಜೋಸೆಫನ ಕನಸಿನಲ್ಲಿ ಕಾಣಿಸಿಕೊಂಡು, ಎದ್ದು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೋಗು ಎಂದದ್ದು, ಜೋಸೆಫ ಹೊರಟುಹೋದದ್ದು, ಊರಿನಲ್ಲಿ ಉಳಿದ ಗಂಡುಕೂಸುಗಳೆಲ್ಲ ಕತ್ತಿಗೆ ಬಲಿಯಾದದ್ದು.

ಲೂರ್ದಮ್ಮ ಪೂರ್ತಿ ಕೇಳಿದಳು. ಆಮೇಲೆ, “ಅಲ್ಲಪ್ಪಾ, ಉಳಿದ ತಂದೆಯರೂ ಮಲಗಿದ್ದರಲ್ಲ. ಅವರಿಗೂ ಒಂದು ಕನಸು ಬೀಳಬಹುದಿತ್ತಲ್ಲ?” ಎಂದಳು.

ಚೌರಪ್ಪ ಪುಸ್ತಕ ಮುಚ್ಚಿ ಎದ್ದು ಬಂದಿದ್ದ.

“ಹೇಳುವುದಕ್ಕೆ ನನ್ನಲ್ಲಿ ಏನೂ ಇರಲಿಲ್ಲ ಗುರುಗಳೇ,” ಎಂದ. “ಭೂಮಿಗೆ ಶಾಂತಿ ಬಂತು ಎಂದು ಮೊನ್ನೆ ನಾವೇ ಹಾಡಿದೆವು. ಯಾರಿಗೆ ಬಂತು? ದೇವರು ಒಂದು ಮನೆಯ ಬಾಗಿಲು ತಟ್ಟಿ ಪಕ್ಕದ ಮನೆಯ ಬಾಗಿಲು ಬಿಟ್ಟುಹೋದರೆ, ಆ ಪಕ್ಕದ ಮನೆಯವಳಿಗೆ ನಾನು ಯಾವ ಬಾಯಿಂದ ಭರವಸೆಯ ಮಾತು ಹೇಳಲಿ? ಅವಳ ಮನೆಯಿಂದ ಬರುವಾಗ ಚರ್ಚಿನ ನಕ್ಷತ್ರ ಕಂಡಿತು. ಕಿತ್ತುಹಾಕೋಣ ಅನ್ನಿಸಿತು. ಯಾಕೆ ಹಾಗೆ ಅನ್ನಿಸಿತೋ ಗೊತ್ತಿಲ್ಲ.”



“ಕೂರು,” ಎಂದರು ಗುರುಗಳು. “ಒಬ್ಬ ಕಲ್ಲುಕುಟಿಗನಿಗೆ ಆದದ್ದನ್ನು ಹೇಳುತ್ತೇನೆ.”

ಚೌರಪ್ಪ ಕೂತ. ಗುರುಗಳು ಹೇಳತೊಡಗಿದರು.

ಒಂದು ಗುಡ್ಡದ ಬುಡದಲ್ಲಿ ಕಲ್ಲು ಒಡೆದು ಬದುಕುವವರ ಕೇರಿ ಇತ್ತು. ಕೇರಿಯ ತುದಿಗೆ ಒಂದು ಸಣ್ಣ ಚರ್ಚು. ಆ ಕಲ್ಲುಕುಟಿಗನ ಮನೆಗೂ ಅವನ ನೆರೆಯವನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ನೆರೆಯವನು ವಯಸ್ಸಿನಲ್ಲಿ ದೊಡ್ಡವನು. ಇವನಿಗೆ ಉಳಿ ಹಿಡಿಯುವುದನ್ನು ಕಲಿಸಿದವನೂ ಅವನೇ. ಕಲ್ಲುಕುಟಿಗ ಅವನನ್ನು ಅಣ್ಣ ಎಂದೂ ಅವನ ಹೆಂಡತಿಯನ್ನು ಅತ್ತಿಗೆ ಎಂದೂ ಕರೆಯುತ್ತಿದ್ದ. ಅವರ ಒಬ್ಬಳೇ ಮಗಳು ಮದುವೆಯಾಗಿ ದೂರದ ಊರು ಸೇರಿದ್ದಳು. ಹಾಗಾಗಿ ಎರಡು ಮನೆಗಳಿಗೂ ಒಲೆ ಬೇರೆ, ಊಟ ಒಂದೇ ಎನ್ನುವ ಹಾಗೆ ಇದ್ದರು.

ಕಲ್ಲುಕುಟಿಗನ ಹೆಂಡತಿ ಚೊಚ್ಚಲ ಬಸುರಿ. ತವರಿನಲ್ಲಿ ಅವಳಿಗೆ ತಾಯಿ ಇರಲಿಲ್ಲ, ಸೋದರಮಾವ ಮಾತ್ರ ಇದ್ದ. ಬಾಣಂತನ ಯಾರು ಮಾಡುವವರು ಎಂಬ ಮಾತು ಬಂದಾಗ ಅತ್ತಿಗೆ, “ನಾನೇನು ಸತ್ತಿದ್ದೇನೆಯೇ?” ಎಂದು ಬೈದು ಆ ಮಾತನ್ನು ಅಲ್ಲಿಗೇ ಮುಗಿಸಿದಳು.

ಕ್ರಿಸ್‌ಮಸ್ ದಿನ ಬೆಳಗಿನ ಪೂಜೆ ಆಯಿತು, ಊಟವಾಯಿತು. ಊಟ ಮುಗಿದು ಎಲೆ ಎತ್ತುವಾಗ ಅವಳಿಗೆ ನೋವು ಶುರುವಾಯಿತು. ಹೊತ್ತು ಇಳಿಯುವಷ್ಟರಲ್ಲಿ ಹೆರಿಗೆಯಾಯಿತು. ಹೆಣ್ಣುಮಗು. ಕೂಸನ್ನು ಮೊದಲು ಎತ್ತಿಕೊಂಡವಳು ಅತ್ತಿಗೆ. ಮನೆ ಮನೆಗೆ ಹಾಡುತ್ತ ಹೋಗುತ್ತಿದ್ದ ಭಜನೆಯ ತಂಡ ಸುದ್ದಿ ಕೇಳಿ ಇವರ ಅಂಗಳಕ್ಕೇ ಬಂತು.

“ಈ ಸಲ ಬಾಲಯೇಸು ನಮ್ಮ ಕೇರಿಯಲ್ಲೇ ಹುಟ್ಟಿದ,” ಎಂದ ಒಬ್ಬ.

“ಹುಟ್ಟಿದ್ದು ಹೆಣ್ಣು ಕಣಯ್ಯಾ,” ಎಂದ ಇನ್ನೊಬ್ಬ.

ಎಲ್ಲರೂ ನಕ್ಕರು. ನೆರೆಯವನಂತೂ ತಾನೇ ತಾತನಾದವನಂತೆ ಬಂದವರಿಗೆಲ್ಲ ಕಜ್ಜಾಯ ಹಂಚಿದ. ಕಲ್ಲುಕುಟಿಗ ಚರ್ಚಿಗೆ ಹೋಗಿ ಗೋದಲಿಯ ಮುಂದೆ ಮೊಣಕಾಲೂರಿದ. ತನ್ನ ಬದುಕಿನಲ್ಲಿ ಮೊದಲ ಸಲ ಅವನಿಗೆ ದೇವರಲ್ಲಿ ಕೇಳಿಕೊಳ್ಳಲು ಏನೂ ಇರಲಿಲ್ಲ.

ಹಬ್ಬದ ರಜೆ ಮುಗಿಯಿತು. ಬಂಡೆಯ ಕೆಲಸಕ್ಕೆ ಹೊರಡುವ ದಿನ ಬೆಳಿಗ್ಗೆ ನೆರೆಯವನು ಉಳಿ ಸುತ್ತಿಗೆ ಹೆಗಲಿಗೆ ಹಾಕಿಕೊಂಡು ಇವನ ಬಾಗಿಲಲ್ಲಿ ನಿಂತ.

“ನೀನು ಇವತ್ತು ಬರಬೇಡ. ಮನೆಯಲ್ಲಿರು,” ಎಂದ. “ಹಸಿ ಬಾಣಂತಿ. ಬಿಸಿನೀರು, ಸೌದೆ ಎಂದು ನಿನ್ನ ಅತ್ತಿಗೆ ಒಬ್ಬಳೇ ಎಷ್ಟಕ್ಕೆ ಓಡಾಡುತ್ತಾಳೆ? ನಿನ್ನ ಜಾಗದಲ್ಲಿ ನಾನು ನಿಲ್ಲುತ್ತೇನೆ. ಅಲ್ಲಿ ಅರ್ಧ ಸೀಳಿದ ಕಲ್ಲು ಹಾಗೇ ಇದೆ.”

“ನಾಳೆ ನಾನೇ ಮಾಡುತ್ತೇನೆ ಬಿಡಣ್ಣ.”

“ನಾಳೆಯದು ನಾಳೆಗೆ,” ಎಂದು ಅವನು ಹೋದ.

ಬಿಸಿಲು ಏರುವ ಹೊತ್ತಿಗೆ ಗುಡ್ಡದ ಕಡೆಯಿಂದ ಸದ್ದು ಕೇಳಿತು. ಬಂಡೆ ಸಿಡಿಸುವ ಮದ್ದಿನ ಸದ್ದಾಗಿರಲಿಲ್ಲ. ಕೇರಿಯವರಿಗೆ ಆ ವ್ಯತ್ಯಾಸ ಗೊತ್ತಿತ್ತು. ಅತ್ತಿಗೆ ಆಗ ಬಚ್ಚಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ನೀವುತ್ತಿದ್ದಳು. ಅವಳು ಕೂಸನ್ನು ತಾಯಿಯ ಕೈಗೆ ಕೊಟ್ಟು, ಕೈಯ ಎಣ್ಣೆಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಹೊರಗೆ ಓಡಿದಳು. ಕಲ್ಲುಕುಟಿಗ ಅವಳಿಗಿಂತ ಮುಂದೆ ಓಡಿದ.

ಬಂಡೆಯ ಒಂದು ಮಗ್ಗುಲೇ ಜಾರಿತ್ತು. ಕೆಳಗಿದ್ದವರಲ್ಲಿ ಇಬ್ಬರು ಸಿಕ್ಕಿಕೊಂಡಿದ್ದರು. ಒಬ್ಬನು ಆಗಲೇ ಸತ್ತಿದ್ದ. ಇನ್ನೊಬ್ಬ ನೆರೆಯವನು. ಅವನು ಬಿದ್ದಿದ್ದ ಸಂದಿಯೊಳಕ್ಕೆ ಒಬ್ಬನೇ ನುಗ್ಗಬಹುದಿತ್ತು. ಕಲ್ಲುಕುಟಿಗ ನುಗ್ಗಿದ. ಉಳಿದವರು ಮೇಲಿನಿಂದ ಕಲ್ಲು ಎತ್ತುತ್ತಿದ್ದರು. ಅವರು ದಾರಿ ಮಾಡಿ ತಲುಪುವಷ್ಟರಲ್ಲಿ ನೆರೆಯವನು ತೀರಿಕೊಂಡಿದ್ದ. ಒಳಗೆ ಏನಾಯಿತು ಎಂದು ಜನ ಕೇಳಿದರು. ಕಲ್ಲುಕುಟಿಗ ಏನೂ ಹೇಳಲಿಲ್ಲ. ಅವನು ಹೇಳದ್ದನ್ನು ಜನವೇ ಹೇಳಿಕೊಂಡರು. ಕಲ್ಲು ಬಿದ್ದ ಕ್ಷಣದಲ್ಲೇ ಜೀವ ಹೋಯಿತಂತೆ, ನೋವೇ ಆಗಲಿಲ್ಲವಂತೆ, ಮುಖ ಮಲಗಿದವರ ಹಾಗೆ ಶಾಂತವಾಗಿತ್ತಂತೆ. ಅತ್ತಿಗೆಗೂ ಹಾಗೆಯೇ ಹೇಳಿದರು. ಕಲ್ಲುಕುಟಿಗ ಅದನ್ನು ಕೇಳಿಸಿಕೊಂಡು ತಲೆ ತಗ್ಗಿಸಿದ.

ಹಬ್ಬಕ್ಕೆ ಕಟ್ಟಿದ ಕಾಗದದ ನಕ್ಷತ್ರಗಳ ಕೆಳಗೇ ಶವಪೆಟ್ಟಿಗೆಗಳು ಹೋದವು. ಬಿಚ್ಚಬೇಕು ಎಂದು ಯಾರಿಗೂ ತೋಚಿರಲಿಲ್ಲ.

ಹೊಸ ವರ್ಷದ ಪೂಜೆಗೆ ಕೇರಿಯೆಲ್ಲ ಸೇರಿತು. ಕೇರಿಯ ಹಿರಿಯ ಎದ್ದು ನಿಂತು ಪ್ರಾರ್ಥನೆ ಹೇಳಿದ. ಕೆಟ್ಟವನಲ್ಲ ಅವನು. ಜನರಿಗೆ ಧೈರ್ಯ ತುಂಬಬೇಕು ಎಂದುಕೊಂಡಿದ್ದ. ಸತ್ತವರಿಗೆ ನಿತ್ಯಶಾಂತಿ ಬೇಡಿದ. ಆಮೇಲೆ, “ತಕ್ಕ ಸಮಯಕ್ಕೆ ಮಗುವನ್ನು ಕೊಟ್ಟು ನಮ್ಮ ತಮ್ಮನನ್ನು ಬಂಡೆಯ ಬಾಯಿಂದ ಉಳಿಸಿದ ದೇವರಿಗೆ ಸ್ತೋತ್ರ” ಎಂದ.

ಅತ್ತಿಗೆ ತಾನಿದ್ದ ಜಾಗದಲ್ಲಿ ಎದ್ದು ನಿಂತಳು.

“ಇವನನ್ನು ಮನೆಯಲ್ಲಿ ಉಳಿಸಿದವನು ದೇವರಾದರೆ ನನ್ನ ಗಂಡನನ್ನು ಅಲ್ಲಿ ನಿಲ್ಲಿಸಿದವನು ಯಾರು?” ಎಂದಳು. “ಹೇಳುವುದಾದರೆ ಎರಡನ್ನೂ ಹೇಳಿ. ಇಲ್ಲವಾದರೆ ಎರಡನ್ನೂ ಬಿಡಿ.”

 ಅವಳು ಹೊರಗೆ ಹೋಗಲಿಲ್ಲ, ಮತ್ತೆ ಅಲ್ಲೇ ಕೂತಳು. ಪೂಜೆ ಮುಂದುವರಿಯಿತು. ಎಲ್ಲರೂ ಆಮೆನ್ ಎಂದಾಗ ಕಲ್ಲುಕುಟಿಗನ ಬಾಯಿ ತೆರೆಯಲಿಲ್ಲ. ಆಮೆನ್ ಎಂದರೆ ಅಣ್ಣನ ಸಾವಿಗೆ ಒಪ್ಪಿದಂತೆ. ಅನ್ನದಿದ್ದರೆ ಮಗಳ ಹುಟ್ಟನ್ನು ತಳ್ಳಿದಂತೆ. ಯಾವುದು ಪಾಪ, ಯಾವುದು ಕೃತಜ್ಞತೆ ಎಂದು ಅವನಿಗೆ ತಿಳಿಯದಾಯಿತು.

ಅಂದಿನಿಂದ ಕೇರಿಯಲ್ಲಿ ಅವನ ಕೂಸಿನ ಬಗ್ಗೆ ಎರಡು ಮಾತು ಹುಟ್ಟಿದವು. ಅದೃಷ್ಟದ ಕೂಸು, ಅಪ್ಪನ ಜೀವ ಉಳಿಸಿತು ಎಂದು ಕೆಲವರು. ಒಂದು ಜೀವ ಬರುವಾಗ ಎರಡು ಜೀವ ಬಲಿ ತೆಗೆದುಕೊಂಡಿತು ಎಂದು ಕೆಲವರು. ಮೊದಲನೆಯವರು ತಮ್ಮ ಮಕ್ಕಳ ಹಣೆಗೆ ಅದರ ಕೈ ಮುಟ್ಟಿಸಲು ಬಂದರು. ಎರಡನೆಯವರು ದಾರಿಯಲ್ಲಿ ಕಂಡರೆ ಮುಖ ತಿರುಗಿಸಿದರು. ಕಲ್ಲುಕುಟಿಗನಿಗೆ ಇಬ್ಬರನ್ನೂ ಕಂಡರೆ ಭಯವಾಗುತ್ತಿತ್ತು.

ಅತ್ತಿಗೆ ಒಳ್ಳೆಯದನ್ನೂ ಹೇಳಲಿಲ್ಲ, ಕೆಟ್ಟದ್ದನ್ನೂ ಹೇಳಲಿಲ್ಲ. ಇವರ ಮನೆಗೆ ಬರುವುದನ್ನು ನಿಲ್ಲಿಸಿದಳು. ದೂರದ ಊರಿನಿಂದ ಅವಳ ಮಗಳು ಬಂದು ನನ್ನ ಜೊತೆ ಬಾ ಎಂದು ಕರೆದರೂ ಹೋಗಲಿಲ್ಲ. ನಡುವಿನ ಗೋಡೆಯ ಆಚೆ ಪಾತ್ರೆಯ ಸದ್ದು ಕೂಡ ಕಡಿಮೆಯಾಯಿತು. ಇವನು ಆ ಗೋಡೆಗೆ ಕಿವಿಗೊಟ್ಟು ಕೂರುತ್ತಿದ್ದ. ಅಳು ಕೇಳಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೋ ಏನೋ. ಅಳುವೂ ಕೇಳಲಿಲ್ಲ.

ಒಂದು ದಿನ ಅವನು ಹೆಂಡತಿಗೆ, “ಇಲ್ಲಿ ಬೇಡ. ಕೂಸಿಗೆ ಜನರ ದೃಷ್ಟಿಯಾಗುತ್ತದೆ. ನಿನ್ನ ಸೋದರಮಾವನ ಊರಿಗೆ ಹೋಗೋಣ,” ಎಂದ. ಅವಳು ಅವನ ಮುಖ ನೋಡಿದಳು, ಎದುರು ಹೇಳಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಹೊರಟರು. ಪಕ್ಕದ ಮನೆಯ ಬಾಗಿಲು ಹಾಕಿತ್ತು. ತಟ್ಟಲಿಲ್ಲ.

ಸೋದರಮಾವನದು ಪಟ್ಟಣ. ಅಲ್ಲಿ ಮನೆ ಕಟ್ಟುವವರಿಗೆ ಕಲ್ಲಿನ ಕೆಲಸ ಬಲ್ಲವನು ಬೇಕಾಗಿದ್ದ. ಕೆಲಸ ಸಿಕ್ಕಿತು, ಒಂದು ಕೋಣೆ ಸಿಕ್ಕಿತು. ಕೂಸು ತುಂಬಿಕೊಂಡಿತು. ಅಲ್ಲಿ ಇವರ ಕತೆ ಯಾರಿಗೂ ಗೊತ್ತಿರಲಿಲ್ಲ. ಅಕ್ಕಪಕ್ಕದವರು ಕೂಸನ್ನು ಆಡಿಸುತ್ತ ಯಾವತ್ತು ಹುಟ್ಟಿದ್ದು ಎಂದು ಕೇಳಿದರೆ ಕಲ್ಲುಕುಟಿಗ ಬೇರೆ ಯಾವುದೋ ದಿನ ಹೇಳುತ್ತಿದ್ದ. ಮೊದಲ ಸಲ ಬಾಯಿತಪ್ಪಿ ಬಂತು ಎಂದುಕೊಂಡಳು ಹೆಂಡತಿ. ಎರಡನೆಯ ಸಲ ಅವಳಿಗೆ ತಿಳಿಯಿತು.

ಪಟ್ಟಣದ ಚರ್ಚಿಗೆ ಅವನು ಹೋಗುತ್ತಿದ್ದ, ಪ್ರಾರ್ಥನೆ ಮಾತ್ರ ಹತ್ತುತ್ತಿರಲಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಒಮ್ಮೆ ಪಾಪನಿವೇದನೆಗೆ ಹೋಗಿ ಮೊಣಕಾಲೂರಿದ.

“ಸ್ವಾಮಿ, ನಾನು ಒಂದು ಪಾಪ ಮಾಡಿದ್ದೇನೆ. ಅದರ ಹೆಸರು ಗೊತ್ತಿಲ್ಲ,” ಎಂದು ನಡೆದದ್ದನ್ನು ಹೇಳಿದ.

ಅಲ್ಲಿನ ಗುರುಗಳು ಕೇಳಿ, “ಬದುಕಿ ಉಳಿದದ್ದು ಪಾಪವಲ್ಲಪ್ಪಾ,” ಎಂದರು.

“ಹಾಗಾದರೆ ಎದೆಯ ಮೇಲೆ ಕೂತಿರುವುದು ಏನು ಸ್ವಾಮಿ?”

 ಗುರುಗಳು ಅವನಿಗಾಗಿ ಪ್ರಾರ್ಥಿಸುವುದಾಗಿ ಹೇಳಿದರು. ಅವನು ಎದ್ದು ಬಂದ. ಪಾಪವಾಗಿದ್ದರೆ ಕ್ಷಮೆ ಇತ್ತು. ಪಾಪವೂ ಅಲ್ಲದ್ದಕ್ಕೆ ಎಲ್ಲಿಗೆ ಹೋಗುವುದು ಎಂದು ದಾರಿಯುದ್ದಕ್ಕೂ ಯೋಚಿಸಿದ.

ಮಳೆಗಾಲ ಕಳೆಯಿತು. ಕೂಸು ಗೋಡೆ ಹಿಡಿದು ನಿಲ್ಲಲು ಕಲಿಯಿತು. ಒಂದು ಮಧ್ಯಾಹ್ನ ಮನೆಗೆ ಬಂದ ನೆಂಟಳೊಬ್ಬಳಿಗೆ ಅವನು ಮತ್ತೆ ಆ ಸುಳ್ಳು ದಿನವನ್ನೇ ಹೇಳಿದ. ನೆಂಟಳು ಹೋದ ಮೇಲೆ ಹೆಂಡತಿ ಅವನ ಎದುರು ಬಂದು ಕೂತಳು.

“ನಮ್ಮ ಮಗಳು ಹುಟ್ಟಿದ ದಿನವನ್ನೇ ಬಚ್ಚಿಟ್ಟಿರಿ. ಇನ್ನು ಬಚ್ಚಿಡುವುದಕ್ಕೆ ಏನು ಉಳಿದಿದೆ?” ಎಂದಳು.

ಅವನು ಕೂಸಿನ ಕಡೆ ತಿರುಗಿದ.

“ದೃಷ್ಟಿಯಾಗುತ್ತದೆ ಎಂದಿರಿ. ನಂಬಲಿಲ್ಲ, ಆದರೂ ಬಂದೆ. ಅತ್ತಿಗೆಗೆ ಹೇಳಿ ಹೊರಡೋಣ ಎಂದು ಬಾಯಿಗೆ ಬಂದಿತ್ತು. ನಿಮ್ಮ ಮುಖ ನೋಡಿ ನುಂಗಿಕೊಂಡೆ. ಅವರ ಕೈಯಲ್ಲಿ ಹುಟ್ಟಿದ ಕೂಸು ಇದು. ಅವರ ಮನೆಯಲ್ಲಿ ಹೆಣ ಎದ್ದು ಹೋದ ಮೇಲೆ, ಗೋಡೆಯ ಈಚೆ ಇದ್ದ ನಾವೂ ಎದ್ದು ಹೋದೆವು.”

“ಹೋಗಿ ಏನು ಹೇಳಲಿ?” ಎಂದು ಅವನು ಕೇಳಿದ.

“ಹೇಳುವುದಕ್ಕೆ ಹೋಗಿ ಎಂದು ನಾನು ಎಲ್ಲಿ ಹೇಳಿದೆ?” ಎಂದಳು ಅವಳು. ಬಟ್ಟೆ ಗಂಟು ಕಟ್ಟಲು ಶುರು ಮಾಡಿದಳು.

ಅವರು ಮರಳಿದಾಗ ಅತ್ತಿಗೆ ಮನೆಯ ಮುಂದೆ ಜಲ್ಲಿ ಒಡೆಯುತ್ತಿದ್ದಳು. ಕೇರಿಯ ಗಂಡಸರು ಬಂಡೆಯಿಂದ ತಂದು ಹಾಕುತ್ತಿದ್ದ ತುಂಡುಗಳನ್ನು ಚೂರು ಮಾಡುವ ಕೆಲಸ. ಅವಳ ಕೂದಲ ಮೇಲೆ, ರೆಪ್ಪೆಯ ಮೇಲೆ ಬಿಳಿ ಧೂಳು ಕೂತಿತ್ತು. ಕಲ್ಲುಕುಟಿಗ ಅಂಗಳದಲ್ಲಿ ನಿಂತ. ಹೆಂಡತಿ ಕೂಸನ್ನೆತ್ತಿಕೊಂಡು ಹಿಂದೆ ನಿಂತಳು.

ಅತ್ತಿಗೆ ಸುತ್ತಿಗೆ ಕೆಳಗಿಡಲಿಲ್ಲ.

“ಯಾಕೆ ಬಂದೆ?”

“ಗೊತ್ತಿಲ್ಲ ಅತ್ತಿಗೆ.”

“ಓಡಿಹೋದದ್ದು ಯಾಕೆ ಎಂದಾದರೂ ಗೊತ್ತೇ?”

“ನಿಮ್ಮ ಮುಖ ನೋಡಲಾರದೆ.”

“ಈಗ ನೋಡಬಲ್ಲೆಯಾ?”

“ಇಲ್ಲ.”

“ಮತ್ತೆ?”

“ನೋಡಲಾಗದಿದ್ದರೂ ಇಲ್ಲೇ ಇರುತ್ತೇನೆ,” ಎಂದ.

ಅವಳು ಇನ್ನೊಂದು ಕಲ್ಲು ಎಳೆದುಕೊಂಡು ಒಡೆದಳು. ಆಮೇಲೆ ಹೇಳಿದಳು: “ನನ್ನ ಮನೆಯಲ್ಲಿ ಎರಡು ಸಾವಾಯಿತು ಕಣಪ್ಪಾ. ಮೊದಲನೆಯದನ್ನು ದೇವರು ಮಾಡಿದನೋ ಬಂಡೆ ಮಾಡಿತೋ ನಾನರಿಯೆ. ಎರಡನೆಯದನ್ನು ಮಾಡಿದವನು ನೀನು. ಬೆಳಿಗ್ಗೆ ಬಾಗಿಲು ತೆಗೆದಾಗ ನಿಮ್ಮ ಮನೆಗೆ ಬೀಗ. ನಾನು ನಿನ್ನ ಮೇಲೆ ಸಿಟ್ಟಾಗಿದ್ದೆ, ನಿಜ. ಆ ಸಿಟ್ಟಿಗಾದರೂ ಎದುರಿಗೆ ಒಬ್ಬರು ಬೇಕಲ್ಲ!”

ಅವನ ಹೆಂಡತಿ ಅತ್ತಳು. ಅತ್ತಿಗೆ ಅವಳ ಕಡೆ ನೋಡಲಿಲ್ಲ, ಕೂಸನ್ನೂ ನೋಡಲಿಲ್ಲ. ಅವರು ತಮ್ಮ ಮನೆಯ ಬೀಗ ತೆಗೆದು ಒಳಗೆ ಹೋದರು.

ಅವನು ಮತ್ತೆ ಬಂಡೆಯ ಕೆಲಸಕ್ಕೆ ಹೋದ. ಸಂಜೆ ಬಂದು ಅತ್ತಿಗೆಗೆ ನೀರು ತಂದು ಇಡುತ್ತಿದ್ದ, ಅವಳು ಒಡೆದ ಜಲ್ಲಿಯನ್ನು ಬುಟ್ಟಿಗೆ ತುಂಬಿ ರಾಶಿ ಹಾಕುತ್ತಿದ್ದ. ಅವಳು ಬೈಯುತ್ತಿದ್ದಳು. ನೀರು ಕಲಕಿದೆ ಎಂದು, ರಾಶಿ ಸೊಟ್ಟಗಿದೆ ಎಂದು, ಏನೂ ಇಲ್ಲದ ದಿನ ನಿನ್ನ ಹೆಜ್ಜೆಯ ಸದ್ದು ಜೋರು ಎಂದು. ಅವನು ಕೇಳಿಸಿಕೊಳ್ಳುತ್ತಿದ್ದ. ಇದೆಲ್ಲ ಯಾಕೆ ಸಹಿಸುತ್ತೀಯೆ, ನೀನು ಮಾಡಿದ ತಪ್ಪಾದರೂ ಏನು ಎಂದು ಕೇರಿಯವರು ಕೇಳಿದರು. ತನಗೂ ಗೊತ್ತಿಲ್ಲ ಎಂದ. ಇದರಿಂದ ಏನು ಸರಿಹೋಗುತ್ತದೆ ಎಂದೂ ಅವನಿಗೆ ಗೊತ್ತಿರಲಿಲ್ಲ. ಕೆಲವು ದಿನ, ಮರಳಿ ಬಂದದ್ದೇ ತಪ್ಪಾಯಿತೇನೋ, ಅವಳ ಗಾಯವನ್ನು ದಿನವೂ ಕೆದಕುತ್ತಿದ್ದೇನೇನೋ ಎಂದೂ ಅನ್ನಿಸುತ್ತಿತ್ತು.

ಹೀಗೆಯೇ ಕ್ರಿಸ್‌ಮಸ್ ಹತ್ತಿರ ಬಂತು. ಕೇರಿಯಲ್ಲಿ ಮತ್ತೆ ಕಾಗದದ ನಕ್ಷತ್ರಗಳು ಬಂದವು. ಒಂದು ಸಂಜೆ ಅತ್ತಿಗೆ ಬೈಯಲಿಲ್ಲ. ಅವನು ನೀರು ಇಟ್ಟು ಹೊರಡುವಾಗ, “ಇಲ್ಲಿ ಕೂರು,” ಎಂದಳು.

ಅವನು ಜಗಲಿಯ ಅಂಚಿನಲ್ಲಿ ಕೂತ.

“ಅವತ್ತು ಸಂದಿಯೊಳಗೆ ಹೋದವನು ನೀನೊಬ್ಬನೇ. ನೀನು ಮಾತ್ರ ನನಗೆ ಏನೂ ಹೇಳಲಿಲ್ಲ. ಹೇಳಿದವರೆಲ್ಲ ಹೊರಗಿದ್ದವರು,” ಎಂದಳು. “ಏನಾಯಿತು?”

“ಬೇಡ ಅತ್ತಿಗೆ.”

“ಅವನು ನನ್ನ ಗಂಡ.”

ಆಗ ಅವನು ಹೇಳಿದ. ಕಲ್ಲು ಬಿದ್ದ ಕೂಡಲೇ ಅಣ್ಣ ಸತ್ತಿರಲಿಲ್ಲ. ಸೊಂಟದ ಕೆಳಗೆಲ್ಲ ಕಲ್ಲಿನಡಿ ಇತ್ತು. ಇವನನ್ನು ಕಂಡು ಗುರುತು ಹಿಡಿದ. ನೋವಾಗುತ್ತಿದೆ ಎಂದ. ಕೂಸಿನ ಹೆಸರನ್ನೂ ಕೇಳಲಿಲ್ಲ, ಹೆಂಡತಿಗೆ ಯಾವ ಮಾತನ್ನೂ ಹೇಳಿಕಳುಹಿಸಲಿಲ್ಲ, ಜಪವನ್ನೂ ಹೇಳಲಿಲ್ಲ. ಹೇಳಿದ್ದು ಒಂದೇ. “ನನಗೆ ಭಯವಾಗುತ್ತಿದೆ ಕಣೋ. ಬಿಟ್ಟು ಹೋಗಬೇಡ.” ಅದನ್ನೇ ಮತ್ತೆ ಮತ್ತೆ ಹೇಳಿದ. ಮೇಲಿನಿಂದ ಕಲ್ಲು ಉರುಳುತ್ತಿತ್ತು, ಹೊರಗೆ ಬಾ ಎಂದು ಜನ ಕೂಗುತ್ತಿದ್ದರು. ಇವನು ಅವನ ಕೈ ಹಿಡಿದುಕೊಂಡು ಅಲ್ಲೇ ಇದ್ದ. ಕೈ ಸಡಿಲವಾಗುವವರೆಗೆ ಇದ್ದ.

“ಅಣ್ಣ ಅಷ್ಟು ಹೆದರಿದ್ದ ಎಂದು ನಿಮಗೆ ಹೇಗೆ ಹೇಳಲಿ?” ಎಂದ. “ಎಲ್ಲರೂ ಶಾಂತವಾಗಿ ಹೋದ ಎನ್ನುತ್ತಿದ್ದರು. ನನಗೆ ಹೇಳಲೂ ಆಗಲಿಲ್ಲ, ಹೇಳದೆ ನಿಮ್ಮೆದುರು ನಿಲ್ಲಲೂ ಆಗಲಿಲ್ಲ.”

  ಅತ್ತಿಗೆ ಬೈಯುತ್ತಾಳೆ ಎಂದು ಅವನು ಕಾದ.

“ಹೆದರಿದನೇ?” ಎಂದಳು. “ಹಾಗಾದರೆ ಸತ್ತದ್ದು ಅವನೇ. ಗುಡುಗು ಬಂದರೆ ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದ. ಅಷ್ಟು ದೊಡ್ಡ ಗಂಡಸು. ನಿನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಇವರೆಲ್ಲ ಬಂದು ಯಾರೋ ಸಂತರ ಸಾವಿನ ಕತೆ ಹೇಳಿ ಹೋದರು. ಕೇಳಿ ಕೇಳಿ, ನನ್ನ ಗಂಡ ಎಲ್ಲಿ ಹೋದ ಎಂದೇ ನನಗೆ ತಿಳಿಯದೆ ಹೋಗಿತ್ತು.”

ಆಗ ಅವಳು ಅತ್ತಳು. ಗಂಡ ಸತ್ತ ಮೇಲೆ ಕೇರಿಯವರು ಅವಳ ಅಳುವನ್ನು ಕೇಳಿದ್ದು ಅದೇ ಮೊದಲು. ಅವನ ಹೆಂಡತಿ ಗೋಡೆಯ ಆಚೆಯಿಂದ ಓಡಿ ಬಂದು ಅವಳನ್ನು ತಬ್ಬಿ ಕೂತಳು. ಕಲ್ಲುಕುಟಿಗ ಏನು ಮಾಡಬೇಕೆಂದು ತಿಳಿಯದೆ ಕೂತೇ ಇದ್ದ.

ಅಳು ನಿಂತ ಮೇಲೆ ಅತ್ತಿಗೆ ಮೂಗು ಒರೆಸಿಕೊಂಡು, “ಬಿಟ್ಟು ಹೋಗಬೇಡ ಎಂದಾಗ ನೀನು ಅಲ್ಲಿದ್ದೆಯಲ್ಲ,” ಎಂದಳು.

“ಇದ್ದೆ.”

“ಅಷ್ಟು ಸಾಕು,” ಎಂದಳು. ಸ್ವಲ್ಪ ತಡೆದು, “ಸಾಕಾಗುವುದಿಲ್ಲ. ಆದರೂ ಅಷ್ಟಾದರೂ ಇತ್ತಲ್ಲ,” ಎಂದಳು.

ಅವಳ ದುಃಖ ಅಂದಿಗೆ ಮುಗಿಯಲಿಲ್ಲ. ಹಬ್ಬದ ದಿನ ಅವಳು ಚರ್ಚಿಗೆ ಬಂದಳು. ಎಲ್ಲರೂ ಹಾಡಿದರು, ಅವಳು ಹಾಡಲಿಲ್ಲ. ಎಲ್ಲರೂ ಎದ್ದು ನಿಂತಾಗ ಎದ್ದು ನಿಂತಳು. ಕಲ್ಲುಕುಟಿಗ ಅವಳ ಪಕ್ಕದಲ್ಲಿ ನಿಂತಿದ್ದ. ಅವನ ಬಾಯಿಂದಲೂ ಹಾಡು ಹೊರಡಲಿಲ್ಲ. ಆದರೆ ಪೂಜೆ ಮುಗಿದು ಹೊರಗೆ ಬರುವಾಗ ಯಾರೋ ಪರವೂರಿನವರು ಕೂಸನ್ನು ಕಂಡು, ಯಾವತ್ತು ಹುಟ್ಟಿದ್ದು ಎಂದು ಕೇಳಿದರು. ಅವನು ಉತ್ತರಿಸಲು ತಡವರಿಸಿದ. ಅತ್ತಿಗೆಯೇ, “ಇವತ್ತಿಗೇ ವರ್ಷ ತುಂಬಿತು,” ಎಂದಳು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಚೌರಪ್ಪ ಕಾದ. ಇನ್ನೂ ಏನೋ ಇದೆ ಎಂದು ಅವನಿಗೆ ಅನ್ನಿಸಿತ್ತು.

“ಇವನು ಉಳಿದದ್ದು ಏಕೆ, ಅವನು ಸತ್ತದ್ದು ಏಕೆ? ಕಡೆಗಾದರೂ ತಿಳಿಯಿತೇ ಗುರುಗಳೇ?”

“ಇಲ್ಲ. ಕಲ್ಲುಕುಟಿಗನಿಗೆ ಅದು ಸಾಯುವವರೆಗೂ ತಿಳಿಯಲಿಲ್ಲ.”

“ಹಾಗಾದರೆ ನಾನು ಲೂರ್ದಮ್ಮನಿಗೆ ಏನು ಹೇಳಲಿ? ಅವಳ ಮನೆಗೆ ದೂತ ಬರಲಿಲ್ಲ. ಜೋಸೆಫನ ಮಗು ಮಾತ್ರ ತಪ್ಪಿಸಿಕೊಂಡಿತು. ಅವಳು ಕೇಳಿದ್ದು ಹಾಗೇ ಉಳಿಯಿತಲ್ಲ.”

ಗುರುಗಳು ಅವನನ್ನೇ ನೋಡುತ್ತ ಹೇಳಿದರು:

“ಅಂದು ತಪ್ಪಿಸಿಕೊಂಡ ಯೇಸು ಬೆಳೆದು, ಕೂಸುಗಳನ್ನು ಕಳೆದುಕೊಂಡ ಆ ತಾಯಂದಿರ ನಾಡಿಗೇ ಮರಳಿ ಬಂದ, ಆಗ ಅವನನ್ನು ಶಿಲುಬೆಗೇರಿಸಿ ಕೊಲ್ಲಲು ಬಂದರು, ಓಡಿಹೋಗು ಎನ್ನಲು ಯಾರ ಕನಸಿಗೂ ದೂತ ಬರಲಿಲ್ಲ, ಅವನೂ ಬಿಟ್ಟು ಹೋಗಲಿಲ್ಲ.”